ಮೆಕ್ಕೆಕಟ್ಟಿನ ಮರ, ಕಾರ್ಕಳದ ಕಲ್ಲು

ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಬಣ್ಣ ಮಾಸಿದ, ಮೈಯೆಲ್ಲ ಸೀಳುಬಿಟ್ಟ ಮರದ ಬೊಂಬೆಗಳು ನಿಂತಿವೆ. ಅವುಗಳ ಊರು ಉಡುಪಿ ಜಿಲ್ಲೆಯ ಶಿರಿಯಾರ ಬಳಿಯ ಮೆಕ್ಕೆಕಟ್ಟು ನಂದಿಕೇಶ್ವರ ಸನ್ನಿಧಿ. ಅಲ್ಲಿಗೆ ಹೋದರೆ ಅದೇ ಪರಿವಾರ ಹೊಸ ಮೈಯಲ್ಲಿ, ಕೆಂಪು ಮೆತ್ತಿಕೊಂಡು, ಕಣ್ಣರಳಿಸಿ ನಿಂತಿದೆ. ಜೀರ್ಣೋದ್ಧಾರದ ವೇಳೆ ಹಳತನ್ನು ಇಳಿಸಿ ಹೊಸತನ್ನು ಕೆತ್ತಿಸಿದರು; ಇಳಿದದ್ದು ದೆಹಲಿ ಸೇರಿ ಕಲೆ ಎನ್ನಿಸಿಕೊಂಡಿತು. ತಲೆಮಾರುಗಳು ಕೈಮುಗಿದ ಕೆತ್ತನೆಯನ್ನು ಊರವರು ಬಿಟ್ಟುಕೊಟ್ಟದ್ದು ಅಸಡ್ಡೆಯಿಂದಲ್ಲ. ಕರಾವಳಿಯವರು ಬೂತವೆಂದು ಪೂಜಿಸುವ ದೈವದ ಬೊಂಬೆ ಹುಟ್ಟುವುದೇ ಒಂದು ದಿನ ಬದಲಾಗುವುದಕ್ಕೆ.

ಕರಾವಳಿ ಮರವನ್ನು ಹಿಡಿದದ್ದು ಕಲ್ಲುಕೆಲಸ ಬಾರದೆ ಅಲ್ಲ. 1432ರಲ್ಲೇ ಕಾರ್ಕಳದ ಬಂಡೆಯ ಮೇಲೆ 42 ಅಡಿಯ ಗೊಮ್ಮಟ ನಿಂತಿದ್ದ. ಅದನ್ನು ಕಡೆದವನು ಕಲ್ಕುಡ, ಇಂಥದ್ದು ಇನ್ನೊಂದು ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ ಎನ್ನುತ್ತದೆ ತುಳುವಿನ ಹಾಡುಗಥೆಯಾದ ಪಾಡ್ದನ. ಉಳಿದ ಕೈಯಲ್ಲೇ ವೇಣೂರಿನ ಗೊಮ್ಮಟನನ್ನೂ ಕಡೆದು, ಕೊನೆಗೆ ತಂಗಿ ಕಲ್ಲುರ್ಟಿಯೊಡನೆ ಅವನು ದೈವವಾದನಂತೆ. ವೇಣೂರಿನದು 1604ರದ್ದು, ಒಂದೇ ಉಳಿ 172 ವರ್ಷ ನಡೆಯಲಾರದು. ಆದರೂ ಕಥೆ ಒಂದನ್ನು ಸರಿಯಾಗಿ ಹಿಡಿದಿದೆ: ಕಲ್ಲಿನಲ್ಲಿ ಉಳಿದದ್ದು ಕಟ್ಟಿಸಿದ ಅರಸನ ಹೆಸರು, ಕಡೆದವನಿಗೆ ಸಿಕ್ಕಿದ್ದು ಕೋಲ, ದೈವವನ್ನು ನರ್ತಕನ ಮೈಮೇಲೆ ಬರಿಸುವ ಸೇವೆ. ಮುಖಕ್ಕೆ ಅರದಾಳ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ; ಬೆಳಗಾದರೆ ಗರಿ ಕಸ. ಸತ್ತವನು ಮತ್ತೆ ಬರಬೇಕಾದರೆ ಮತ್ತೆ ಗರಿ ಸೀಳಬೇಕು. ಬೊಂಬೆಯ ನಡೆಯೂ ಅದೇ, ತುಸು ನಿಧಾನ ಅಷ್ಟೆ.

ಹಿತ್ತಲ ಹಲಸಿನ ಮರ ಅಗ್ಗ, ಮರವನ್ನು ಹಿಡಿಯಲು ಬೇರೆ ಕಾರಣವೇಕೆ ಎನ್ನಬಹುದು. ಊರಿನ ಹಿರಿತನದ ಗುತ್ತಿನ ಮನೆಗಳು ದೈವದ ಕಂಚಿನ ಮುಖವಾಡಗಳಾದ ಮುಗಗಳಿಗೆ ಹಣ ಸುರಿದದ್ದನ್ನು ಕಂಡರೆ ಈ ಮಾತು ನಿಲ್ಲುವುದಿಲ್ಲ. ಹಾಗಾದರೆ ಆ ಮುಗಗಳು ತಲೆಮಾರುಗಟ್ಟಲೆ ಬಾಳುತ್ತವಲ್ಲ? ಇದು ಗಟ್ಟಿ ಆಕ್ಷೇಪ. ಬಾಳುತ್ತವೆ ನಿಜ, ಆದರೆ ಮುಗಕ್ಕೆ ಪ್ರತಿ ಕೋಲದಲ್ಲೂ ಜೀವಂತ ಮೈ ಸಿಗುತ್ತದೆ. ಬೊಂಬೆಗೆ ಮರವೇ ಮೈ. ಗೆದ್ದಲು ಹಿಡಿದ ಮೈಯಲ್ಲಿ ದೈವವನ್ನು ಕೂರಿಸುವುದು ಅಪಚಾರ. ಕರಾವಳಿಯ ಗುಡಿಗಳಲ್ಲಿ ಜೀರ್ಣೋದ್ಧಾರಕ್ಕೆ ಮೊದಲು ಸಂಕೋಚ ಎಂಬ ವಿಧಿ ಮಾಡಿ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುವುದೂ ಇದೇ ತಿಳಿವಳಿಕೆಯಿಂದ. ಪಪುವಾ ನ್ಯೂಗಿನಿಯ ನ್ಯೂ ಐರ್ಲೆಂಡ್ ದ್ವೀಪದವರು ಇನ್ನೂ ಮುಂದೆ ಹೋದರು: ಸತ್ತವರಿಗಾಗಿ ಕೆತ್ತಿದ ಮಲಗನ್ ಶಿಲ್ಪಗಳನ್ನು ವಿಧಿ ಮುಗಿದ ಮೇಲೆ ಸುಡುತ್ತಿದ್ದರು, ಕೊಳೆಯಲು ಬಿಡುತ್ತಿದ್ದರು. ಉಳಿದವು ಹೆಚ್ಚಾಗಿ ಹೊರಗಿನವರು ಕೊಂಡೊಯ್ದವು.

ಹಾಗೆಂದು ಏನೂ ಕಳೆದಿಲ್ಲ ಎನ್ನಲಾರೆ. ಹಳೆಯ ಆಚಾರಿಯ ಉಳಿಯ ಗುರುತು ಹೊಸ ಬಣ್ಣದಡಿ ಸಿಗುವುದಿಲ್ಲ. ಅದನ್ನು ನೋಡಲು ದೆಹಲಿಗೇ ಹೋಗಬೇಕು, ಅಲ್ಲಿ ಯಾರೂ ಹಿಂಗಾರ ಇಡುವುದಿಲ್ಲ.