ಭಾರ ಹೊತ್ತ ತಂತಿ, ಭಾರ ಹೊತ್ತ ಮನಸ್ಸು

ಉಕ್ಕಿನ ತಂತಿಗೆ ತೂಕವನ್ನು ಕಟ್ಟಿದರೆ ಅದು ಸ್ವಲ್ಪ ಹಿಗ್ಗುತ್ತದೆ. ತೂಕವನ್ನು ತೆಗೆದೊಡನೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಈ ಗುಣಕ್ಕೆ ಸ್ಥಿತಿಸ್ಥಾಪಕತ್ವವೆಂದು ಹೆಸರು. ಆದರೆ ಒಂದು ಮಿತಿಯನ್ನು ಮೀರಿ ಭಾರ ಹೇರಿದರೆ, ಅದನ್ನು ಇಳಿಸಿದ ಮೇಲೂ ತಂತಿಯು ಪೂರ್ವಸ್ಥಿತಿಗೆ ಬಾರದು. ಕಷ್ಟದಿಂದ ಚೇತರಿಸಿಕೊಳ್ಳುವ ಮನಸ್ಸಿನ ಶಕ್ತಿಯೂ ಬಹುಮಟ್ಟಿಗೆ ಹೀಗೆಯೇ.

ಇಟ್ಟಿಗಿಯಿಂದ ದಿನವೂ ಬಸ್ಸಿನಲ್ಲಿ ದೂರದ ಆಸ್ಪತ್ರೆಯೊಂದಕ್ಕೆ ಹೋಗಿಬರುವ ದಾದಿಯೊಬ್ಬರನ್ನು ಊಹಿಸಿಕೊಳ್ಳೋಣ. ರೋಗಿಯ ಕಡೆಯವರು ಕೂಗಾಡುತ್ತಾರೆ, ಮೇಲಧಿಕಾರಿ ಗದರಿಸುತ್ತಾರೆ. ಸಂಜೆ ಮನೆಗೆ ಬಂದ ಆಕೆ ಮಗನ ಮೇಲೆ ಸುಮ್ಮನೆ ಸಿಡುಕುತ್ತಾರೆ. ಆಕೆಯನ್ನು ಕಾಡುತ್ತಿರುವುದು ಕೋಪವೆ, ಅವಮಾನವೆ, ಬರಿಯ ಆಯಾಸವೆ? ತನ್ನ ಮತ್ತು ಪರರ ಭಾವನೆಗಳನ್ನು ಹೀಗೆ ಬೇರ್ಪಡಿಸಿ ತಿಳಿದು, ಆ ತಿಳಿವಳಿಕೆಯಂತೆ ನಡೆಯುವ ಸಾಮರ್ಥ್ಯವನ್ನು 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು ‘ಭಾವನಾತ್ಮಕ ಬುದ್ಧಿಶಕ್ತಿ’ ಎಂದು ಕರೆದರು.

ಭಾವನೆಗೆ ಹೆಸರಿಟ್ಟ ಮಾತ್ರಕ್ಕೆ ಆಗುವುದೇನು? 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಕೆಲವರಿಗೆ ಕೋಪ, ಭಯಗಳನ್ನು ಸೂಸುವ ಮುಖಗಳ ಚಿತ್ರಗಳನ್ನು ತೋರಿಸಿ, ಆ ಭಾವನೆಯನ್ನು ಹೆಸರಿಸಲು ಹೇಳಿದರು. ಹೆಸರಿಸಿದಾಗ, ಅಪಾಯದ ಸೂಚನೆಗೆ ಸ್ಪಂದಿಸುವ ಅಮಿಗ್ಡಲ ಎಂಬ ಮಿದುಳಿನ ಭಾಗದ ಚಟುವಟಿಕೆ ತಗ್ಗಿತು. ಮಿದುಳಿನ ಮುಂಭಾಗದ ಒಂದು ಪ್ರದೇಶದ ಚಟುವಟಿಕೆ ಏರಿತು.

ಮನಸ್ಸಿನ ಸಂಕಟವನ್ನು ಗುರುತಿಸುವುದು ಮಹಾನಗರದ ತಜ್ಞರಿಗೆ ಮಾತ್ರ ಮೀಸಲಾದ ವಿದ್ಯೆಯಲ್ಲ. ಇಟ್ಟಿಗಿಯು ಅಂದು ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಒಂದು ಪ್ರಯೋಗವನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ತೊಂದರೆಗಳನ್ನು ಗುರುತಿಸುವ ತರಬೇತಿಯನ್ನು ನೀಡಲಾಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ತಳಹದಿಯಾಯಿತು.

ಆದರೆ ಚೇತರಿಕೆಯ ಹೊಣೆಯನ್ನೆಲ್ಲ ದುಡಿಯುವವರ ತಲೆಗೇ ಕಟ್ಟುವುದು ತಪ್ಪು. ನಿರ್ವಹಿಸಲಾಗದೆ ಉಳಿದ ಉದ್ಯೋಗದ ದೀರ್ಘಕಾಲದ ಒತ್ತಡದಿಂದ ಬಳಲಿಕೆ ಉಂಟಾಗುತ್ತದೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಿವರಿಸಿದೆ. ಅದನ್ನು ವ್ಯಕ್ತಿಯ ರೋಗವೆಂದು ವರ್ಗೀಕರಿಸಿಲ್ಲ. ತಂತಿ ಹಿಗ್ಗಿಯೇ ಉಳಿದರೆ ತಂತಿಯನ್ನಷ್ಟೇ ದೂರುವುದು ನ್ಯಾಯವೆ? ಹೇರಿದ ತೂಕವನ್ನೂ ನೋಡಬೇಡವೆ?

ಇಲ್ಲಿಗೆ ನಮ್ಮ ಹೋಲಿಕೆಯೂ ಮುಗಿಯುತ್ತದೆ. ತನ್ನ ಮಿತಿ ಸಮೀಪಿಸಿತೆಂದು ತಂತಿ ಹೇಳಲಾರದು; ಮನುಷ್ಯನು ಹೇಳಬಲ್ಲನು. ಗೆಳೆಯರೊಡನೆ, ಮನೆಯವರೊಡನೆ, ಅಗತ್ಯವಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಹೇಳಬಹುದು. ಮಿತಿ ಮೀರುವ ಮೊದಲೇ ಹೇಳುವುದು ದೌರ್ಬಲ್ಯವಲ್ಲ, ವಿವೇಕ.