ಉಪ್ಪಳ: ಬೆಳೆಯುವ ಪೇಟೆ ಮತ್ತು ಬರಹದ ಕನ್ನಡ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ ಶೀಘ್ರವಾಗಿ ಬೆಳೆಯುತ್ತಿರುವ ಪೇಟೆಗಳಲ್ಲಿ ಉಪ್ಪಳವು ಪ್ರಮುಖವಾದುದು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ಉಪ್ಪಳ ಹೊಳೆ, ನಡುವೆ ರೈಲುಹಳಿ ಮತ್ತು ರಾಷ್ಟ್ರೀಯ ಹೆದ್ದಾರಿ. ಇವುಗಳ ಮಧ್ಯದ ಕಿರಿದಾದ ಕರಾವಳಿ ಪಟ್ಟಿಯಲ್ಲಿ ಈ ಪೇಟೆ ಹಬ್ಬಿದೆ. ಆಡಳಿತದ ಲೆಕ್ಕದಲ್ಲಿ ಇದು ಮಂಗಲ್ಪಾಡಿ ಗ್ರಾಮ ಪಂಚಾಯತಿನ ಭಾಗ. ಆದರೆ ಬಹುಮಹಡಿ ವಸತಿ ಕಟ್ಟಡಗಳು, ವ್ಯಾಪಾರ ಸಂಕೀರ್ಣಗಳು, ಹೆದ್ದಾರಿಯ ಮೇಲ್ಸೇತುವೆ ಇವನ್ನು ಕಂಡವರಾರೂ ಇದನ್ನು ಗ್ರಾಮವೆಂದು ಕರೆಯಲಾರರು.

ಈ ಬೆಳವಣಿಗೆಗೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ವಲಸೆ. ಹಿಂದೆ ಮುಂಬಯಿಗೂ ಅನಂತರ ಕೊಲ್ಲಿ ರಾಷ್ಟ್ರಗಳಿಗೂ ದುಡಿಯಲು ಹೋದವರ ಗಳಿಕೆ ಇಲ್ಲಿ ಮನೆಯಾಗಿ, ಅಂಗಡಿಯಾಗಿ ರೂಪುಗೊಂಡಿತು. ಎರಡನೆಯದು ಮಂಗಳೂರಿನ ಸಾಮೀಪ್ಯ. ಉಪ್ಪಳದಿಂದ ಕಾಸರಗೋಡಿಗೆ ಸುಮಾರು 22 ಕಿಲೋಮೀಟರ್, ಮಂಗಳೂರಿಗೆ ಸುಮಾರು 30 ಕಿಲೋಮೀಟರ್. ಚಿಕಿತ್ಸೆ, ಉನ್ನತ ಶಿಕ್ಷಣ, ಮದುವೆಯ ಜವಳಿ ಎಲ್ಲದಕ್ಕೂ ಇಲ್ಲಿನ ಜನ ತಲಪಾಡಿ ಗಡಿ ದಾಟಿ ಉತ್ತರಕ್ಕೆ ಹೋಗುತ್ತಾರೆ. ಮೂರನೆಯದು 2014ರಲ್ಲಿ ಮಂಜೇಶ್ವರ ತಾಲೂಕು ರಚನೆಯಾದಾಗ ಅದರ ಕೇಂದ್ರಸ್ಥಾನ ಉಪ್ಪಳಕ್ಕೆ ಬಂದುದು. ಅಲ್ಲಿಯವರೆಗೆ ತಾಲೂಕು ಮಟ್ಟದ ಕೆಲಸಗಳಿಗೆ ಕಾಸರಗೋಡಿಗೆ ಹೋಗಬೇಕಾಗಿದ್ದ ಗಡಿಗ್ರಾಮಗಳ ಜನ ಈಗ ಈ ಪೇಟೆಗೆ ಬರುತ್ತಾರೆ.

ಹೀಗೆ ಉಪ್ಪಳದ ನಿತ್ಯಜೀವನ ಮಂಗಳೂರಿನ ಕಡೆಗೂ ಆಡಳಿತ ಸುಮಾರು 600 ಕಿಲೋಮೀಟರ್ ದೂರದ ತಿರುವನಂತಪುರದ ಕಡೆಗೂ ಮುಖಮಾಡಿವೆ. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಈ ದ್ವಂದ್ವವನ್ನು ತೀವ್ರವಾಗಿ ತೋರಿಸಿತು.

ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿ ಎಂದು ವರ್ಣಿಸುವುದು ರೂಢಿ. ಉಪ್ಪಳದಲ್ಲಿ ಅದು ಕೇವಲ ವರ್ಣನೆಯಲ್ಲ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳ ಜತೆಗೆ ಹನಫಿ ಪಂಥದ ಮುಸಲ್ಮಾನ ಕುಟುಂಬಗಳ ಉರ್ದುವೂ ಇಲ್ಲಿ ಮನೆಮಾತು. ಮೀನು ಮಾರುಕಟ್ಟೆಯಲ್ಲಿ ಒಬ್ಬನೇ ವ್ಯಾಪಾರಿ ಗಿರಾಕಿಯ ಮುಖ ನೋಡಿ ಮೂರು ನಾಲ್ಕು ಭಾಷೆಗಳಲ್ಲಿ ಬೆಲೆ ಹೇಳುವುದು ಇಲ್ಲಿ ಸೋಜಿಗದ ಸಂಗತಿಯಲ್ಲ.

ಈ ಬಹುಭಾಷಿಕತೆಯಲ್ಲಿ ಕನ್ನಡದ ಸ್ಥಾನ ವಿಶಿಷ್ಟವಾದುದು. ಅನೇಕ ಮನೆಗಳಲ್ಲಿ ಅದು ತಾಯ್ನುಡಿಯಲ್ಲ, ಬರಹದ ನುಡಿ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಮರಾಠಿ ಆಡುವವರು ಶಾಲೆಯಲ್ಲಿ ಕಲಿತುದು, ಆಮಂತ್ರಣ ಪತ್ರ ಅಚ್ಚು ಹಾಕಿಸಿದುದು, ಪತ್ರಿಕೆ ಓದಿದುದು, ಯಕ್ಷಗಾನದ ಅರ್ಥ ಕೇಳಿದುದು ಕನ್ನಡದಲ್ಲಿ. ಆಸ್ತಿಯ ಹಳೆಯ ದಾಖಲೆಗಳೂ ಕನ್ನಡದವೇ. ಆದುದರಿಂದ ಮನೆಮಾತಿನ ಎಣಿಕೆಯಿಂದ ಮಾತ್ರ ಕನ್ನಡದ ವ್ಯಾಪ್ತಿಯನ್ನು ಅಳೆದರೆ ಅದು ಕಿರಿದಾಗಿ ಕಾಣುತ್ತದೆ. ಮನೆಯೊಳಗೆ ಉಳಿಯುವ ಭಾಷೆಗೆ ತಾಯಂದಿರು ಆಧಾರ. ಬರಹದ ಭಾಷೆಗೆ ಶಾಲೆ, ಕಚೇರಿ, ಫಲಕಗಳೇ ಆಧಾರ. ಪೇಟೆ ಬೆಳೆಯುವಾಗ ಬದಲಾಗುವುದೂ ಇವೇ.

ಇದಕ್ಕೆ ಕಾನೂನಿನ ರಕ್ಷಣೆ ಇಲ್ಲದಿಲ್ಲ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದ ಬಳಿಕ, 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಸ್ವಭಾಷೆಯಲ್ಲೇ ವ್ಯವಹರಿಸುವ ಹಕ್ಕನ್ನು ನೀಡಿತು. ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡಬೇಕೆಂದು ವಿಧಿಸಿತು. ಜಿಲ್ಲೆಯಲ್ಲಿ ಮಲಯಾಳ ಹಾಗೂ ಕನ್ನಡ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗಳ ಪ್ರತ್ಯೇಕ ನೇಮಕಾತಿಯೂ ಇದೆ. ಆದರೆ ಕನ್ನಡದಲ್ಲಿ ಅರ್ಜಿಯೇ ಬಾರದಿದ್ದರೆ ಕನ್ನಡ ಬಲ್ಲ ಗುಮಾಸ್ತನ ಅಗತ್ಯವಿದೆಯೆಂದು ವಾದಿಸುವುದು ಕಠಿಣ. ಮಕ್ಕಳ ಸಂಖ್ಯೆ ಕುಗ್ಗಿದರೆ ಕನ್ನಡ ಮಾಧ್ಯಮದ ತರಗತಿ ವಿಭಾಗವೂ ಕುಗ್ಗುತ್ತದೆ, ಅದರೊಡನೆ ಅಧ್ಯಾಪಕ ಹುದ್ದೆಯೂ ಹೋಗುತ್ತದೆ. ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ ಪ್ರಸಂಗಗಳಲ್ಲಿ ವಿದ್ಯಾರ್ಥಿಗಳೂ ಹೆತ್ತವರೂ ಬೀದಿಗಿಳಿಯಬೇಕಾಗಿ ಬಂದಿದೆ. ಫಲಕಗಳಲ್ಲಿ ಮಂಜೇಶ್ವರವು ‘ಮಂಜೇಶ್ವರಂ’ ಆಗುವುದು ಚಿಕ್ಕ ಸಂಗತಿಯೆಂದು ತೋರಬಹುದು. ಆದರೆ ಹೊಸದಾಗಿ ಬಂದು ನೆಲೆಸಿದವನು ಊರಿನ ಹೆಸರನ್ನು ಕಲಿಯುವುದು ಆ ಫಲಕದಿಂದಲೇ.

ಪೇಟೆಯ ಬೆಳವಣಿಗೆಯನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಹಲವು ಭಾಷೆಗಳ ಜನ ಒಂದೇ ಬೀದಿಯಲ್ಲಿ ಹೊಂದಿ ಬಾಳುವ ಉಪ್ಪಳದ ವಿವೇಕಕ್ಕೆ ಯಾವ ಭಾಷೆಯೂ ಶತ್ರುವಲ್ಲ. ತಾಲೂಕು ಕಚೇರಿ ಈಗ ಮನೆಯ ಸಮೀಪಕ್ಕೆ ಬಂದಿದೆ. ಅಲ್ಲಿಗೆ ಸಲ್ಲಿಸುವ ಅರ್ಜಿಯನ್ನು ಕನ್ನಡದಲ್ಲಿ ಬರೆಯುವುದು, ಅದೇ ಭಾಷೆಯ ಉತ್ತರವನ್ನು ವಿನಯದಿಂದಲೇ ಕೇಳಿ ಪಡೆಯುವುದು, ಹೊಸ ಅಂಗಡಿಯ ಫಲಕದಲ್ಲಿ ಕನ್ನಡಕ್ಕೂ ಒಂದು ಸಾಲು ಮೀಸಲಿಡುವುದು: ಇಷ್ಟನ್ನು ಯಾವ ಸರಕಾರದ ಆದೇಶಕ್ಕೂ ಕಾಯದೆ ಇಲ್ಲಿನ ಕನ್ನಡಿಗರು ಇಂದೇ ಮಾಡಬಹುದು.