ಪಿಳ್ಳೆಯ ಬಣ್ಣ ನಂಬಿ ಹುಂಜ ಕೊಳ್ಳಬೇಡಿ

ಸಂತೆಯಲ್ಲಿ ಮಂಕರಿ ತುಂಬ ನಾಟಿ ಕೋಳಿ ಪಿಳ್ಳೆ. ಒಂದರದು ಕಂದು ಮೈ, ಬೆನ್ನುದ್ದಕ್ಕೂ ಅಳಿಲಿನಂಥ ಗೆರೆ. ‘ಕೆಂಪು ಹುಂಜಾನೇ ಆಗುತ್ತೆ, ತಗೊಳ್ಳಿ’ ಅಂತಾರೆ. ಆಗಬಹುದು. ಕಂದು ಹ್ಯಾಟೆಯೂ ಆಗಬಹುದು. ಕನಕಪುರ, ಮಾಗಡಿ ಕಡೆ ಮನೆ ಮುಂದೆ ನಾಲ್ಕು ಕೋಳಿ ಬಿಟ್ಟುಕೊಂಡವರಿಗೆ ಇದು ಗೊತ್ತಿರುವ ವಿಷಯವೇ.

ಮೊಟ್ಟೆಯೊಡೆದು ಬಂದ ಪಿಳ್ಳೆಯ ಮೈಮೇಲಿರುವುದು ಗರಿಯಲ್ಲ, ತುಪ್ಪಟ. ಗರಿ ನಮ್ಮ ಉಗುರಿದ್ದ ಹಾಗೆ. ಬುಡದಲ್ಲಿ ಚಿಗುರುವಾಗಲೇ ಅದಕ್ಕೆ ಮೆಲನಿನ್ ಸೇರುತ್ತದೆ. ನಮ್ಮ ಕೂದಲಿಗೂ ಬಣ್ಣ ಕೊಡುವುದು ಇದೇ. ಇದರಲ್ಲಿ ಎರಡು ಬಗೆ: ಒಂದು ಕಪ್ಪು, ಇನ್ನೊಂದು ಕೆಂಪು-ಹಳದಿ. ಎರಡೂ ಸೇರದಿದ್ದರೆ ಗರಿ ಬಿಳಿ. ಬೆಳೆದು ನಿಂತ ಗರಿಗೆ ಹೊಸ ಬಣ್ಣ ಏರುವುದಿಲ್ಲ. ಅದು ಉದುರಬೇಕು, ಅದೇ ಜಾಗದಲ್ಲಿ ಇನ್ನೊಂದು ಬರಬೇಕು.

ಮೊದಲ ವಾರವೇ ರೆಕ್ಕೆಯಲ್ಲಿ ಗರಿ ಮೂಡುತ್ತದೆ. ಐದಾರು ವಾರಕ್ಕೆ ಮೈ ತುಂಬುತ್ತದೆ. ಅದೂ ಉಳಿಯುವುದಿಲ್ಲ, ಉದುರಿ ಮತ್ತೆ ಬರುತ್ತದೆ. ಆ ಹೊತ್ತಿನಲ್ಲಿ ಮರಿ ನೋಡಲು ಚೆನ್ನಾಗಿರುವುದಿಲ್ಲ. ರೋಗ ಬಂತೇನೋ ಅಂತ ಗಾಬರಿಯಾಗಬೇಡಿ. ಚೆನ್ನಾಗಿ ಮೇಯುತ್ತ ಓಡಾಡಿಕೊಂಡಿದ್ದರೆ ಅದು ಗರಿ ಬದಲಿಸುತ್ತಿದೆ ಅಷ್ಟೆ. ಕಪ್ಪು ಪಿಳ್ಳೆಯ ಹೊಟ್ಟೆಯ ಬಿಳುಪು ಸಾಮಾನ್ಯವಾಗಿ ಹೀಗೇ ಮಾಯವಾಗುತ್ತದೆ. ಖಾಯಂ ಬಣ್ಣ ನಿಲ್ಲಲು ಸುಮಾರು ಐದು ತಿಂಗಳು ಬೇಕು.

ಹುಂಜವೋ ಹ್ಯಾಟೆಯೋ? ಮೂರು ತಿಂಗಳ ಮರಿಯ ಕತ್ತಿನ ಗರಿಯೊಂದನ್ನು ಬೆರಳಲ್ಲಿ ಬಿಡಿಸಿ ನೋಡಿ. ತುದಿ ಚೂಪಾಗಿ ಮಿರುಗುತ್ತಿದ್ದರೆ ಹುಂಜ, ದುಂಡಗಿದ್ದರೆ ಹ್ಯಾಟೆ. ಗರಿಯನ್ನು ದುಂಡಗೆ ಇಡುವುದು ಈಸ್ಟ್ರೋಜೆನ್, ಅಂದರೆ ಅಂಡಾಶಯದಲ್ಲಿ ತಯಾರಾಗುವ ಹೆಣ್ಣು ಹಾರ್ಮೋನು. ಅಂಡಾಶಯ ಕೆಟ್ಟ ಹ್ಯಾಟೆಗೆ ಹುಂಜದ ಗರಿ ಬರುವುದುಂಟು, ಕೆಲವು ಕೂಗುವುದೂ ಉಂಟು. ಹ್ಯಾಟೆ ಕೂಗಿದರೆ ಅಪಶಕುನ ಅಂತ ಅದನ್ನು ಮಾರಿಬಿಡುತ್ತಿದ್ದರು, ಪಾಪ.

ಗರಿಯ ಬಹುಪಾಲು ಪ್ರೋಟೀನು. ಬರೀ ರಾಗಿ, ನುಚ್ಚು ಹಾಕಿದರೆ ಗರಿ ಸಣಕಲಾಗುತ್ತದೆ. ಮೇವು ತಪ್ಪಿದ ದಿನಗಳು ಗರಿಯ ಮೇಲೆ ತೆಳು ಅಡ್ಡಗೆರೆಯಾಗಿ ಉಳಿಯುವುದೂ ಉಂಟು. ರಾಮನಗರ, ಚನ್ನಪಟ್ಟಣದವರಿಗೆ ಒಂದು ಅನುಕೂಲವಿದೆ: ರೇಷ್ಮೆಗೂಡು ಬಿಚ್ಚಿದ ಮೇಲೆ ಉಳಿಯುವ ಹುಳ. ಒಣಗಿಸಿ, ಸ್ವಲ್ಪವೇ ಬೆರೆಸಿ. ಜಾಸ್ತಿಯಾದರೆ ಮಾಂಸಕ್ಕೆ ವಾಸನೆ ಹತ್ತುತ್ತದೆ.

ಖರ್ಚು? ಒಂದು ದಿನದ ಪಿಳ್ಳೆ ಅಗ್ಗ, ಆದರೆ ಮೂರ್ನಾಲ್ಕು ವಾರ ಬಲ್ಬಿನ ಶಾಖ ಕೊಡಬೇಕು, ಸತ್ತರೆ ನಷ್ಟ ನಿಮ್ಮದೇ. ಇಂಥದ್ದೇ ಬಣ್ಣ ಬೇಕೆಂದರೆ ಹೆಚ್ಚು ಕೊಟ್ಟು ಐದು ತಿಂಗಳ ಕೋಳಿ ತನ್ನಿ.

ಬಣ್ಣಬಣ್ಣದ್ದೆಲ್ಲ ನಾಟಿಯಲ್ಲ. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜವೂ, ಆಮೇಲೆ ಬಂದ ಸ್ವರ್ಣಧಾರಾವೂ ಬಣ್ಣದ ಕೋಳಿಗಳೇ. ಅವು ಬೇಕಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಮೊದಲೇ ಹೆಸರು ಬರೆಸಿ. ನಾಟಿಯೇ ಬೇಕಿದ್ದರೆ ಊರಲ್ಲಿ ಕಾವಿಗೆ ಕೂರಿಸಿದವರ ಮನೆಗೇ ಹೋಗಿ. ಅಪ್ಪ ಹುಂಜ ಅಲ್ಲೇ ತಿಪ್ಪೆ ಕೆದಕುತ್ತಿರುತ್ತದೆ, ಒಮ್ಮೆ ನೋಡಿ.